ಉಪ್ಪಾಗೆ ಒಲೆಯಿಂದ ಕಂಪನಿ ಕಚೇರಿವರೆಗೆ

(ಶಿರಸಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇವತ್ತು ನನಗೆ ಕೊಟ್ಟ ವಿಷಯ ಸ್ವಲ್ಪ ಭಾರದ್ದು. ಸೋಪು, ಬಿಸ್ಕೆಟ್, ಮಸಾಲೆ ಪುಡಿ ಮಾಡುವ ಕಂಪನಿಗಳು ಕಚ್ಚಾ ಮಾಲು ತರಿಸುವಾಗ ಜನರಿಗೂ ಕಾಡಿಗೂ ಅನ್ಯಾಯ ಆಗದಂತೆ ಹೇಗೆ ನೋಡಿಕೊಳ್ಳುತ್ತವೆ ಅನ್ನೋದು. ಶಿರಸಿಯಲ್ಲಿ ಈ ಮಾತು ಆಡುವುದಾದರೆ ಉಪ್ಪಾಗೆಯಿಂದಲೇ ಶುರು ಮಾಡಬೇಕು. ಇಲ್ಲಿ ಕೂತ ಹಿರಿಯರಿಗೆ ಆ ಕಥೆ ನನಗಿಂತ ಚೆನ್ನಾಗಿ ಗೊತ್ತು.

ಉಪ್ಪಾಗೆ ಅಂದರೆ ನಮ್ಮ ಕಾಡಿನ ಮರದ ಹುಳಿ ಹಣ್ಣು. ನಮಗೆ ಅದು ಸಾರಿಗೆ ಹುಳಿ, ಬೀಜದಿಂದ ತುಪ್ಪ. 1990ರ ದಶಕದಲ್ಲಿ ಅದರ ಸಿಪ್ಪೆಗೆ ಹೊರದೇಶದಿಂದ ಬೇಡಿಕೆ ಬಂತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಮೈತೂಕ ಇಳಿಸುತ್ತದೆ ಅಂತ ಮಾತ್ರೆ ಮಾಡಿ ಮಾರತೊಡಗಿದರು. ದರ ಏರಿತು, ಜನ ಕಾಡಿಗೆ ಓಡಿದರು.

ಈ ಹಣ್ಣು ಬರುವುದೇ ಮಳೆಗಾಲದಲ್ಲಿ. ಬಿಸಿಲಿಲ್ಲ, ಒಲೆಯ ಮೇಲೇ ಒಣಗಿಸಬೇಕು. ಅದಕ್ಕೆ ರಾಶಿ ರಾಶಿ ಕಟ್ಟಿಗೆ ಬೇಕು. ಕಟ್ಟಿಗೆ ಎಲ್ಲಿಂದ? ಅದೇ ಕಾಡಿನಿಂದ. ಇನ್ನು ಹಣ್ಣಾಗುವವರೆಗೆ ಕಾಯೋಣ ಅಂದರೆ ಅಷ್ಟರಲ್ಲಿ ಬೇರೆಯವರು ಕೊಯ್ದುಕೊಂಡು ಹೋಗಿರುತ್ತಾರೆ. ಹಾಗಾಗಿ ಕಾಯಿ ಬಲಿಯುವ ಮೊದಲೇ ಕೊಯ್ದರು. ಕೈಗೆ ಸಿಗದ ಕಡೆ ಕೊಂಬೆಯನ್ನೇ ಕಡಿದರು. ಬೀಜ ಬಲಿಯದಿದ್ದರೆ ಸಸಿ ಎಲ್ಲಿಂದ ಹುಟ್ಟಬೇಕು? ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಇದೇ ಹಣ್ಣು ಆಹಾರ. ಅವುಗಳಿಗಾಗಿಯೇ 2011ರಲ್ಲಿ ಅಲ್ಲಿ ಸಂರಕ್ಷಿತ ಮೀಸಲು ಘೋಷಣೆ ಆಯಿತು. ಕಡಿಮೆ ಕಟ್ಟಿಗೆ ಬೇಡುವ ಸುಧಾರಿತ ಒಲೆಗಳು ನಮ್ಮ ಊರುಗಳಿಗೆ ಬಂದದ್ದು ಈ ಓಟ ಶುರುವಾದ ಮೇಲೆ.

ತಪ್ಪು ಯಾರದು? ಕೊಯ್ದವನದು ಅಂದುಬಿಡುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ವ್ಯಾಪಾರಿ ಬರೀ ತೂಕ ನೋಡಿ ದುಡ್ಡು ಕೊಟ್ಟರೆ, ಎಳೆಕಾಯಿಗೂ ಹಣ್ಣಿಗೂ ಒಂದೇ ದರ ಇಟ್ಟರೆ, ಎಳೆಕಾಯಿ ಕೊಯ್ಯಿರಿ ಅಂತ ಅವನೇ ಹೇಳಿದ ಹಾಗೆ. ಆ ವ್ಯಾಪಾರಿಗೆ ದರ ಕಟ್ಟಿದವರು ಮೇಲಿನವರು, ಅವರಿಗೆ ಇನ್ನೂ ಮೇಲಿನವರು. ಮಾತ್ರೆಯ ಬಾಟಲಿ ಮೇಲೆ ‘ನೈಸರ್ಗಿಕ’ ಅಂತ ಬರೆದಿರುತ್ತದೆ. ಸುಳ್ಳೇನೂ ಅಲ್ಲ. ಸುಟ್ಟ ಕಟ್ಟಿಗೆಯ ಲೆಕ್ಕ ಮಾತ್ರ ಅದರಲ್ಲಿಲ್ಲ.

ದೊಡ್ಡ ಕಂಪನಿಗಳು ಇದಕ್ಕೆ ಏನು ಮಾಡುತ್ತವೆ? ಮೊದಲು ಒಂದು ನೀತಿಸಂಹಿತೆ ಬರೆಯುತ್ತವೆ. ಬಾಲಕಾರ್ಮಿಕರು ಬೇಡ, ಕನಿಷ್ಠ ಕೂಲಿ ಕೊಡಿ, ಕಾಡು ಕಡಿಯಬೇಡಿ, ಹೀಗೆ. ಮಾಲು ಕೊಡುವವರು ಅದಕ್ಕೆ ಸಹಿ ಹಾಕುತ್ತಾರೆ. ಆಮೇಲೆ ತಪಾಸಣೆಯವರು ಬಂದು ಹಾಜರಿ ಪುಸ್ತಕ ನೋಡಿ, ನಾಲ್ಕು ಜನರನ್ನು ಮಾತಾಡಿಸಿ, ವರದಿ ಕೊಡುತ್ತಾರೆ. ಬೇಡ ಅನ್ನುವುದಿಲ್ಲ. ಅದನ್ನೇ ನಂಬಿ ಕೂತರೆ ಏನಾಗುತ್ತದೆ ಅನ್ನೋದನ್ನು ಬಾಂಗ್ಲಾದೇಶ ತೋರಿಸಿದೆ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಬಟ್ಟೆ ಹೊಲಿಯುವವರು. ಅಲ್ಲಿನ ಕೆಲವು ಘಟಕಗಳ ತಪಾಸಣೆ ಮೊದಲೇ ಆಗಿತ್ತು! ಕಟ್ಟಡ ಗಟ್ಟಿ ಇದೆಯೋ ಇಲ್ಲವೋ ಅನ್ನೋದು ಆ ತಪಾಸಣೆಯ ಪಟ್ಟಿಯಲ್ಲೇ ಇರಲಿಲ್ಲ. ಆಮೇಲೆ ಬಂದ ಒಪ್ಪಂದ ಬೇರೆ ಥರದ್ದು. ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಗಳೂ ಸಹಿ ಹಾಕಿದವು, ಕಾನೂನಿನ ಬಲ ಇತ್ತು, ರಿಪೇರಿಗೆ ದುಡ್ಡು ಹೊಂದಿಸುವ ಹೊಣೆ ಕೊಳ್ಳುವವರ ಮೇಲೂ ಬಿತ್ತು. ನನಗೆ ಮೆಚ್ಚುಗೆಯಾಗುವುದು ಈ ಕೊನೆಯ ಅಂಶ.

ಇನ್ನು ಪ್ರಮಾಣಪತ್ರಗಳ ವಿಷಯ. ತಾಳೆ ಎಣ್ಣೆ ಸೋಪಿನಲ್ಲಿದೆ, ಬಿಸ್ಕೆಟ್‌ನಲ್ಲಿದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡುವ ದೇಶ ನಮ್ಮದು. ಕಾಡು ಕಡಿಯದೆ ಬೆಳೆದ ಎಣ್ಣೆಗೆ ಪ್ರಮಾಣಪತ್ರ ಕೊಡಲು 2004ರಲ್ಲಿ ಆರ್‌ಎಸ್‌ಪಿಒ ಅನ್ನುವ ಸಂಸ್ಥೆ ಹುಟ್ಟಿತು. ಆ ಪ್ರಮಾಣಪತ್ರದಲ್ಲಿ ನಾಲ್ಕು ಬಗೆ ಇವೆ, ಎರಡನ್ನು ಮಾತ್ರ ಹೇಳುತ್ತೇನೆ. ಒಂದರಲ್ಲಿ ಎಣ್ಣೆ ಯಾವ ಗಿರಣಿಯದು ಅಂತ ಕೊನೆವರೆಗೂ ಗೊತ್ತಿರುತ್ತದೆ. ಇನ್ನೊಂದರಲ್ಲಿ ಪ್ರಮಾಣಿತ ಎಣ್ಣೆಯನ್ನೂ ಬೇರೆಯದನ್ನೂ ಬೆರೆಸುತ್ತಾರೆ, ಲೆಕ್ಕ ಮಾತ್ರ ಬೇರೆ ಬರೆದಿಡುತ್ತಾರೆ. ಡೇರಿಯ ಕ್ಯಾನಿಗೆ ನಿಮ್ಮ ಗಟ್ಟಿ ಹಾಲನ್ನೂ ಪಕ್ಕದ ಮನೆಯ ನೀರು ಹಾಲನ್ನೂ ಸುರಿದ ಹಾಗೆ. ನಿಮ್ಮ ಲೆಕ್ಕ ಪುಸ್ತಕದಲ್ಲಿದೆ, ಕ್ಯಾನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಶುರು ಮಾಡಲು ಇದೂ ಆದೀತು. ಆದರೆ ಕಂಪನಿ ಜಾಹೀರಾತು ಕೊಟ್ಟಾಗ ಇದು ಯಾವ ಬಗೆ ಅಂತ ಕೇಳಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಂಪನಿಯಲ್ಲಿ ನೀತಿ ಬರೆಯುವವರು ಒಂದು ಮಹಡಿಯಲ್ಲಿ, ಮಾಲು ಕೊಳ್ಳುವವರು ಇನ್ನೊಂದು ಮಹಡಿಯಲ್ಲಿ. ಕೊಳ್ಳುವವನ ಬೋನಸ್ಸು ಅವನು ದರ ಎಷ್ಟು ಇಳಿಸಿದ ಅನ್ನುವುದರ ಮೇಲೆ ನಿಂತಿದ್ದರೆ ನೀತಿಸಂಹಿತೆ ಸುಮ್ನೆ ಗೋಡೆಗೆ ನೇತುಹಾಕುವ ಕಾಗದ. ಕೊನೇ ಗಳಿಗೆಯಲ್ಲಿ ಆರ್ಡರ್ ಎರಡು ಪಟ್ಟು ಮಾಡಿದರೆ ಕಾರ್ಖಾನೆಯವನು ರಾತ್ರಿ ಪಾಳಿ ಹಾಕುತ್ತಾನೆ, ಇಲ್ಲಾ ಯಾವುದೋ ಶೆಡ್‌ಗೆ ಕೆಲಸ ದಾಟಿಸುತ್ತಾನೆ. ಆ ಶೆಡ್‌ಗೆ ತಪಾಸಣೆಯವರು ಹೋಗುವುದೇ ಇಲ್ಲ. ಹಣ ತಡ ಮಾಡಿದರೆ ಕೂಲಿ ತಡವಾಗುತ್ತದೆ. ಸಣ್ಣ ಉದ್ದಿಮೆಗೆ 45 ದಿನ ಮೀರದಂತೆ ಹಣ ಕೊಡಬೇಕು ಅಂತ 2006ರ ಕಾನೂನೇ ಇದೆ. ಕಂಪನಿಯೊಂದು ಒಳ್ಳೆಯದೋ ಅಂತ ತಿಳಿಯಲು ನಾನು ಮೊದಲು ಕೇಳುವುದು ಅದು ದುಡ್ಡು ಯಾವಾಗ ಕೊಡುತ್ತದೆ ಅಂತ. ಮರ ನೆಟ್ಟ ಫೋಟೊ ಆಮೇಲೆ ನೋಡೋಣ.

ತಪ್ಪು ಸಿಕ್ಕಿದ ಕೂಡಲೇ ಆರ್ಡರ್ ರದ್ದು ಮಾಡಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಹುಡುಗನೊಬ್ಬ ಕೆಲಸದಲ್ಲಿ ಸಿಕ್ಕಿದ ಅಂದುಕೊಳ್ಳಿ. ಕಂಪನಿ ಬೇರೆ ಕಡೆ ಹೋದರೆ ಆ ಹುಡುಗ ಶಾಲೆಗೆ ಹೋಗುತ್ತಾನಾ? ಇನ್ನೂ ಕಡಿಮೆ ಕೂಲಿಯ ಜಾಗಕ್ಕೆ ಹೋಗುತ್ತಾನೆ ಅಷ್ಟೇ. ವ್ಯಾಪಾರ ಮತ್ತು ಮಾನವ ಹಕ್ಕುಗಳ ಬಗ್ಗೆ 2011ರ ವಿಶ್ವಸಂಸ್ಥೆ ಮಾರ್ಗಸೂತ್ರ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಮೊದಲು ನಿಮ್ಮ ಪ್ರಭಾವ ಬಳಸಿ ಸರಿಪಡಿಸಿ, ಹಾನಿಗೆ ನೀವು ಕಾರಣವಾಗಿದ್ದರೆ ಪರಿಹಾರ ಕೊಡಿ.

ಇದೆಲ್ಲ ನಮ್ಮ ಊರಿಗೂ ಬರಲಿದೆ. ಷೇರುಪೇಟೆಯ ದೊಡ್ಡ 1,000 ಕಂಪನಿಗಳು ಜನರ, ಪರಿಸರದ ಬಗ್ಗೆ ಜವಾಬ್ದಾರಿಯ ವರದಿ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ 2021ರಲ್ಲೇ ಹೇಳಿದೆ. ಆ ಕಂಪನಿಗಳ ಪ್ರಶ್ನೆಪತ್ರಿಕೆ ಇವತ್ತಲ್ಲ ನಾಳೆ ಕಾಳುಮೆಣಸಿನ ವ್ಯಾಪಾರಿಗೆ, ಅವರ ಮೂಲಕ ನಿಮಗೆ ಬರುತ್ತದೆ. ಒಂದು ವಿಷಯದಲ್ಲಿ ನಾವು ಮುಂದಿದ್ದೇವೆ. ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ ತೋಟಗಾರ್ಸ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಟೆಂಡರಿಗೆ ಇಟ್ಟ ಅಡಿಕೆ, ರಾಶಿ ಬಗೆಯದಾಗಲಿ ಚಾಲಿ ಬಗೆಯದಾಗಲಿ, ಯಾರದ್ದು ಅಂತ ಹೇಳಬಲ್ಲ ಪದ್ಧತಿ ಇಲ್ಲಿ ಹಳೆಯದು. (ಆ ಅಡಿಕೆ ಆಮೇಲೆ ಯಾವ ಪೊಟ್ಟಣದಲ್ಲಿ ಕೂರುತ್ತದೆ ಅನ್ನೋದು ಇನ್ನೊಂದು ಉಪನ್ಯಾಸದ ವಿಷಯ, ಇವತ್ತು ಬಿಡಿ.)

ಇನ್ನೊಂದರಲ್ಲಿ ಹಿಂದಿದ್ದೇವೆ. ಮಳೆಯಲ್ಲಿ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಬಿದ್ದರೆ ಆಸ್ಪತ್ರೆ ಖರ್ಚು ಯಾರದು? ಅಂಗಳದಲ್ಲಿ ಕೂತು ಅಡಿಕೆ ಸುಲಿಯುವ ಅಮ್ಮಂದಿರ ಹೆಸರು ಯಾವ ಪುಸ್ತಕದಲ್ಲಿದೆ? ಕಂಪನಿಯ ಪ್ರಶ್ನೆಪತ್ರಿಕೆಯಲ್ಲಿ ಇದೂ ಇರುತ್ತದೆ. ವಿಮೆ ಕಂತನ್ನು ತೋಟದವರೂ ಕೊಳ್ಳುವವರೂ ಹಂಚಿಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ಕೊಳ್ಳುವವರು ಒಪ್ಪದಿದ್ದರೆ ಆ ಖರ್ಚನ್ನು ದರದಲ್ಲೇ ಸೇರಿಸಿ ಕೇಳಿ, ಒಬ್ಬೊಬ್ಬರಾಗಿ ಕೇಳಬೇಡಿ, ಸೊಸೈಟಿ ಮೂಲಕ ಕೇಳಿ. ತೋಟ ಇದ್ದವರಿಗೆ ಈ ಮಾತು ಅಷ್ಟು ಹಿತವಾಗಿರಲಿಕ್ಕಿಲ್ಲ. ಪ್ರಶ್ನೆ ಕೇಳಲು ಸಮಯ ಇಟ್ಟಿದ್ದಾರೆ, ಶುರು ಮಾಡೋಣ.