ಒಂದು ಆಸ್ಪತ್ರೆಯ ಲೆಕ್ಕ ಸಾಲದು

ಕೇಳುಗರೆಲ್ಲರಿಗೂ ನಮಸ್ಕಾರ. ತುರ್ತು ವಿಭಾಗದ ಫಾರ್ಮಸಿಸ್ಟರು ಬೇರೆ ಬೇರೆ ಆಸ್ಪತ್ರೆಗಳಿಂದ ಸೇರಿ ಸಂಶೋಧನೆ ಯಾಕೆ ಮಾಡಬೇಕು, ಹೇಗೆ ಮಾಡಬೇಕು ಅನ್ನುವುದು ಇವತ್ತಿನ ಮಾತು.

ಫಾರ್ಮಸಿಸ್ಟ್ ಅಂದ ಕೂಡಲೇ ಕೌಂಟರಿನ ಹಿಂದೆ ನಿಂತು ಮಾತ್ರೆ ಕೊಡುವವರು ನೆನಪಾಗುತ್ತಾರೆ, ಅಲ್ವಾ? ಆದರೆ ಕೆಲವು ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸಾ ವಿಭಾಗದ ಒಳಗೇ, ರೋಗಿಯ ಮಂಚದ ಪಕ್ಕದಲ್ಲೇ ಫಾರ್ಮಸಿಸ್ಟ್ ಇರುತ್ತಾರೆ. ಪಾರ್ಶ್ವವಾಯು ಹೊಡೆದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಆಲ್ಟಿಪ್ಲೇಸ್ ಕೊಡಬೇಕು ಅಂತಿಟ್ಟುಕೊಳ್ಳಿ. ತೂಕದ ಪ್ರತಿ ಕಿಲೋಗೆ 0.9 ಮಿಲಿಗ್ರಾಂ, ಒಟ್ಟು 90 ಮಿಲಿಗ್ರಾಂ ಮೀರುವಂತಿಲ್ಲ. ಹತ್ತರಲ್ಲಿ ಒಂದು ಪಾಲು ಮೊದಲೇ, ಉಳಿದದ್ದು ಒಂದು ಗಂಟೆಯುದ್ದಕ್ಕೂ. ಡಾಕ್ಟರು ರೋಗಿಯನ್ನು ನೋಡುತ್ತಿರುವಾಗಲೇ ಈ ಲೆಕ್ಕ ಹಾಕಿ ಔಷಧಿ ಸಿದ್ಧ ಮಾಡುವವರು ಇವರು.

ಹೀಗೆ ದಿನವೂ ಹತ್ತಿರದಿಂದ ನೋಡುವವರಿಗೆ ಪ್ರಶ್ನೆಗಳಿಗೆ ಬರವಿಲ್ಲ. ಬಿ.ಪಿ.ಯ ಕೆಲವು ಮಾತ್ರೆಗಳು ಮಿತಿಮೀರಿ ಹೊಟ್ಟೆ ಸೇರಿ ಹೃದಯ ಸೋತಾಗ ಕೊಡುವ ಔಷಧಿಗಳಲ್ಲಿ ಇನ್ಸುಲಿನ್ ಕೂಡ ಒಂದು. ಸಕ್ಕರೆ ಕಾಯಿಲೆಗೆ ಕೊಡುವ ಅದೇ ಇನ್ಸುಲಿನ್, ಪ್ರಮಾಣ ಮಾತ್ರ ಅದರ ಎಷ್ಟೋ ಪಟ್ಟು. ಜೊತೆಗೆ ಗ್ಲೂಕೋಸ್. ಎಲ್ಲಿಯವರೆಗೆ ಏರಿಸಬಹುದು? ಯಾವಾಗ ಇಳಿಸಬೇಕು? ಇಂಥ ರೋಗಿಗಳು ಒಂದು ಆಸ್ಪತ್ರೆಗೆ ಬರುವುದೇ ಅಪರೂಪ. ಬೆರಳೆಣಿಕೆಯ ಕೇಸ್ ಇಟ್ಟುಕೊಂಡು ಏನಂತ ಹೇಳೋದು?

ಅದಕ್ಕೇ ಬೇರೆ ಬೇರೆ ಆಸ್ಪತ್ರೆಗಳ ಫಾರ್ಮಸಿಸ್ಟರು ಸೇರಿ ಸಂಶೋಧನೆ ಮಾಡಬೇಕು ಅನ್ನುವುದು. ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಫಿಟ್ಸ್‌ನ ಒಂದು ಅಧ್ಯಯನ ನೋಡಿ. ಮೊದಲ ಇಂಜೆಕ್ಷನ್‌ಗೆ ನಿಲ್ಲದ ಫಿಟ್ಸ್‌ಗೆ ಮುಂದೇನು? ಲೆವೆಟಿರಾಸಿಟಮ್, ಫಾಸ್‌ಫೆನಿಟಾಯಿನ್, ವಾಲ್ಪ್ರೋಯೇಟ್ ಅಂತ ಮೂರು ಔಷಧಿಗಳಿವೆ, ಯಾವುದು ಮೇಲು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ವಾದ. ಅಮೆರಿಕದ 57 ಆಸ್ಪತ್ರೆಗಳ ತುರ್ತು ವಿಭಾಗಗಳು ಸೇರಿ ಮೂರನ್ನೂ ಪರೀಕ್ಷಿಸಿದವು. 2019ರಲ್ಲಿ ಫಲಿತಾಂಶ ಬಂತು: ಮೂರೂ ಹೆಚ್ಚುಕಡಿಮೆ ಒಂದೇ, ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕೆಲಸ ಮಾಡುತ್ತವೆ. ರೋಗಿಗಳು ಒಟ್ಟು 384. ಭಾಗಿಸಿ ನೋಡಿ, ಒಂದು ಆಸ್ಪತ್ರೆಗೆ ಸರಾಸರಿ ಏಳು ಜನವೂ ಇಲ್ಲ! ಒಂಟಿಯಾಗಿ ಕೂತಿದ್ದರೆ ಯಾರಿಗೂ ಉತ್ತರ ಸಿಗುತ್ತಿರಲಿಲ್ಲ.

ಆದರೆ ಸುಮ್ನೆ ಸೇರಿದರೆ ಆಗಲಿಲ್ಲ. ನನ್ನ ಪ್ರಕಾರ ಅತಿ ಕಷ್ಟದ ಕೆಲಸ ಹಣ ಹೊಂದಿಸುವುದಲ್ಲ, ಮಾಹಿತಿ ತುಂಬುವ ಪಟ್ಟಿಯ ಒಂದೊಂದು ಕಾಲಮ್ಮಿಗೂ ಎಲ್ಲರೂ ಒಂದೇ ಅರ್ಥ ಕೊಡುವುದು. 'ಔಷಧಿ ಕೊಟ್ಟ ಸಮಯ' ಅಂತ ಒಂದು ಕಾಲಮ್ ಇದೆ ಅನ್ನಿ. ಒಂದು ಕಡೆ ಡಾಕ್ಟರು ಬರೆದುಕೊಟ್ಟ ಹೊತ್ತನ್ನು ತುಂಬುತ್ತಾರೆ. ಇನ್ನೊಂದು ಕಡೆ ಬೀರುವಿನಿಂದ ಔಷಧಿ ತೆಗೆದ ಹೊತ್ತು. ಮತ್ತೊಂದು ಕಡೆ ನಿಜವಾಗಿ ರಕ್ತನಾಳಕ್ಕೆ ಹೋದ ಹೊತ್ತು. ನಿಮಿಷ ನಿಮಿಷಕ್ಕೂ ಬೆಲೆಯಿರುವ ಕಡೆ ಈ ಮೂರನ್ನೂ ಬೆರೆಸಿದರೆ ಲೆಕ್ಕವೇ ಕೆಟ್ಟಿತು. ತೂಕವೂ ಅಷ್ಟೇ. ತೂಗಿ ಬರೆದದ್ದೋ, ಮನೆಯವರು ಹೇಳಿದ್ದೋ, ಕಣ್ಣಂದಾಜೋ? ಆದ್ದರಿಂದ ಶುರುವಿನಲ್ಲೇ ಒಂದಷ್ಟು ಕೇಸ್‌ಶೀಟ್‌ಗಳನ್ನು ಇಬ್ಬಿಬ್ಬರು ಬೇರೆ ಬೇರೆ ಓದಿ ತುಂಬಬೇಕು. ಇಬ್ಬರ ಬರಹ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಪಟ್ಟಿಯಲ್ಲಿರುವ ಪ್ರಶ್ನೆಯನ್ನೇ ತಿದ್ದಬೇಕು.

ರೋಗಿಯ ಹೆಸರು-ವಿಳಾಸ ಆಸ್ಪತ್ರೆಯಿಂದ ಆಚೆ ಹೋಗಬಾರದು. ಸಂಶೋಧನೆಯಿಂದ ರೋಗಿಗೆ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪ್ರಬಂಧದಲ್ಲಿ ಯಾರ ಹೆಸರು ಬರಬೇಕು ಅನ್ನುವುದೂ ಕೆಲಸ ಶುರುವಾಗುವ ಮೊದಲೇ ಬರಹದಲ್ಲಿ ಇರಲಿ. ರಾತ್ರಿ ಪಾಳಿ ಮುಗಿಸಿ ಕೂತು ಮಾಹಿತಿ ತುಂಬಿದವರನ್ನು ಕೊನೆಗೆ ಮರೆತರೆ ಎರಡನೇ ಅಧ್ಯಯನಕ್ಕೆ ಅವರು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಇನ್ನೊಂದು ಮಾತು. ಆಸ್ಪತ್ರೆಗಳು ಸೇರಿ ಕಟ್ಟುವ ಇಂಥ ಜಾಲಗಳಲ್ಲಿ ದೊಡ್ಡ ಬೋಧನಾ ಆಸ್ಪತ್ರೆಗಳೇ ಜಾಸ್ತಿ ಸೇರಿಬಿಡುತ್ತವೆ. ರಾತ್ರಿ ಫಾರ್ಮಸಿಸ್ಟೇ ಇಲ್ಲದ, ಎಲ್ಲ ಔಷಧಿ ದಾಸ್ತಾನಿರದ ಸಣ್ಣ ಆಸ್ಪತ್ರೆಯ ಕಷ್ಟವೇ ಬೇರೆ. ಅವರನ್ನು ಮಾಹಿತಿ ಕಳಿಸಿ ಅಂತ ಆಮೇಲೆ ಕೇಳುವುದಲ್ಲ, ಯಾವ ಪ್ರಶ್ನೆ ಎತ್ತಿಕೊಳ್ಳೋಣ ಅಂತ ಮಾತಾಡುವ ಮೊದಲ ದಿನವೇ ಕರೆಯಬೇಕು.

ನಮಸ್ಕಾರ.