ಗಲ್ಲು ಕೇಳಿದ ವಕೀಲನ ಮಾತು

ಕೇಳುಗರಿಗೆ ನಮಸ್ಕಾರ.

ಹಾವೇರಿ, ಧಾರವಾಡದ ಕಡೆ ಕೋರ್ಟುಗಳಲ್ಲಿ ಮೂವತ್ತು ವರ್ಷ ಕರಿಕೋಟು ಹಾಕಿಕೊಂಡು ತಿರುಗಿದವನು ನಾನು. ಅದರಲ್ಲಿ ಕೆಲವು ವರ್ಷ ಸರ್ಕಾರಿ ವಕೀಲನಾಗಿದ್ದೆ. ಒಬ್ಬ ಮನುಷ್ಯನನ್ನು ಗಲ್ಲಿಗೆ ಹಾಕಿ ಎಂದು ನ್ಯಾಯಾಧೀಶರ ಮುಂದೆ ನಿಂತು ಒಮ್ಮೆ ಕೇಳಿದ್ದೇನೆ. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ವರದಾ ನದಿ ದಂಡೆಯ ಒಂದು ಹಳ್ಳಿ, ಹೊಲದ ಬದುವಿನ ಜಗಳ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಗೋವಿನಜೋಳಕ್ಕೆ ನೀರು ಹಾಯಿಸಲು ಹೋದ ಹುಡುಗ ಕೊಡಲಿ ಏಟಿಗೆ ಸತ್ತ. ಅವನ ತಾಯಿ ಒಂದು ತಾರೀಖೂ ತಪ್ಪಿಸಲಿಲ್ಲ. ಕೋರ್ಟಿನ ಅಂಗಳದ ಬೇವಿನ ಕಟ್ಟೆಯ ಮೇಲೆ ಕೂತು, ರೊಟ್ಟಿ ಗಂಟು ಬಿಚ್ಚಿ, ಅರ್ಧ ತಿಂದು, ಉಳಿದದ್ದನ್ನು ಹಾಗೇ ಕಟ್ಟಿಕೊಂಡು ಸಂಜೆ ಬಸ್ಸಿಗೆ ಹೋಗುವಳು. ಅವಳನ್ನು ನೋಡಿ ನೋಡಿ ನನ್ನ ರಕ್ತ ಕುದಿಯಿತು. ಇಂಥ ಮಗನನ್ನು ಕೊಂದವನು ಬದುಕಿರಬಾರದು ಅನ್ನಿಸಿತು. ತಪ್ಪು ಸಾಬೀತಾದ ದಿನ ಗಲ್ಲು ಕೇಳಿದೆ.

ನ್ಯಾಯಾಧೀಶರು ಜೀವಾವಧಿ ಕೊಟ್ಟರು. ಆವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಅವರು ಕಾನೂನು ಬಿಟ್ಟು ಹೋಗಿರಲಿಲ್ಲ. 1955ರ ತನಕ ನಮ್ಮಲ್ಲಿ ಕೊಲೆಗಾರನಿಗೆ ಗಲ್ಲು ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂದು ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಇದನ್ನು ತಿರುವಿ ಹಾಕಿತು. ಈಗ ಕಾರಣ ಬರೆಯಬೇಕಾದದ್ದು ಗಲ್ಲು ಕೊಟ್ಟರೆ, ಅದೂ ವಿಶೇಷ ಕಾರಣ. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಗಿ ಮಾಡಿತು: ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಮರಣದಂಡನೆ.

ಅಪರೂಪ ಅಂದರೆ ಯಾವುದು? ನನ್ನ ಅನುಭವದಲ್ಲಿ ಅದು ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ಬದಲಾಗುತ್ತದೆ. ಆರೋಪಿಗೆ ಎಂಥ ವಕೀಲ ಸಿಕ್ಕ ಎಂಬುದರ ಮೇಲೂ ಬದಲಾಗುತ್ತದೆ. ಆ ಕೇಸಿನಲ್ಲಿ ಅವನ ಪರ ನಿಂತವನು ಕಾನೂನು ನೆರವಿನಿಂದ ಬಂದ ಹೊಸ ಹುಡುಗ. ನನ್ನ ಕಡೆ ಕಣ್ಣಾರೆ ಕಂಡ ಸಾಕ್ಷಿ ಒಬ್ಬನೇ, ಅವನೂ ಬ್ಯಾಟರಿ ಬೆಳಕಿನಲ್ಲಿ ಮುಖ ಕಂಡವನು. ಪಂಚನಾಮೆಗೆ ಸಹಿ ಹಾಕಿದ ಪಂಚರಿಬ್ಬರೂ ಉಲ್ಟಾ ಹೊಡೆದಿದ್ದರು. ಆ ಮನುಷ್ಯನೇ ಕೊಂದದ್ದು ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಒಂದು ಬ್ಯಾಟರಿಯ ಬೆಳಕನ್ನು ನಂಬಿ ಒಬ್ಬನ ಕುತ್ತಿಗೆಗೆ ಹಗ್ಗ ಹಾಕಿ ಎಂದು ಕೇಳಿದೆನಲ್ಲ, ಅದು ನೆನಪಾದರೆ ಈಗ ಎದೆ ಝಲ್ ಎನ್ನುತ್ತದೆ.

2019ರಲ್ಲಿ ಬಂದ ಒಂದು ತೀರ್ಪು ನನ್ನ ನಿದ್ದೆ ಕೆಡಿಸಿತು. ಕೊಲೆ ಕೇಸಿನಲ್ಲಿ ಸಿಕ್ಕಿದ ಮಹಾರಾಷ್ಟ್ರದ ಆರು ಜನ, ಅಲೆಮಾರಿ ಸಮುದಾಯದವರು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಎಂದಿತ್ತು. ಹತ್ತು ವರ್ಷದ ಮೇಲೆ ಅದೇ ಕೋರ್ಟು ಕಡತ ಮತ್ತೆ ಬಿಚ್ಚಿ ನೋಡಿದರೆ, ಬದುಕಿ ಉಳಿದ ಸಾಕ್ಷಿ ಮೊದಲಿಗೆ ಪೊಲೀಸರ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದಳು! ಆರೂ ಜನರ ಬಿಡುಗಡೆಯಾಯಿತು, ತಲಾ 5 ಲಕ್ಷ ಪರಿಹಾರ. ಅಷ್ಟರಲ್ಲಿ ಜೈಲಿನಲ್ಲಿ ಹದಿನಾರು ವರ್ಷ ಕಳೆದಿದ್ದವು. ನಡುವೆ ಹಗ್ಗ ಬಿಗಿದಿದ್ದರೆ ಆ 5 ಲಕ್ಷವನ್ನು ಯಾರ ಕೈಗೆ ಕೊಡುತ್ತಿದ್ದರು?

ಚಹಾದಂಗಡಿಯಲ್ಲಿ ಕೂತಾಗ ಜನ ಹೇಳುತ್ತಾರೆ, "ವರ್ಷಗಟ್ಟಲೆ ಎಳೀತಾರ್ರೀ, ಲಗೂನ ನೇಣಿಗೆ ಹಾಕಿ ಮುಗಿಸಬೇಕು" ಅಂತ. ಲಗೂ ನೇಣು ನಮ್ಮ ನೆಲಕ್ಕೆ ಹೊಸದಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಕೊಲೆಯಾಯಿತು. ಜೂನ್ 12ಕ್ಕೆ, ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹದಿನಾಲ್ಕೇ ದಿನ. ಅವತ್ತಿನ ಸರ್ಕಾರದ ಕಾಗದದಲ್ಲಿ ಅವನು ಕೊಲೆಗಾರ, ಇವತ್ತು ನಮಗೆ ವೀರ. ಬದುವಿನ ಜಗಳದ ಕೊಲೆಗೂ ಬಾಬಾಸಾಹೇಬನ ಬಂಡಾಯಕ್ಕೂ ನಾನು ಹೋಲಿಕೆ ಕಟ್ಟುತ್ತಿಲ್ಲ. ಜೀವ ತೆಗೆಯುವ ಅಧಿಕಾರ ಸರ್ಕಾರದ ಕೈಗೆ ಬಂದರೆ ಅದು ಎಷ್ಟು ಅವಸರದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ನೋಡಿ.

ಹಾಗಾದರೆ ಕೊಂದವನು ಹದಿನಾಲ್ಕು ವರ್ಷಕ್ಕೆ ಹೊರಗೆ ಬಂದು ಮೀಸೆ ತಿರುವಬೇಕೆ? ಬೇಡ. ನಮ್ಮ ಕರ್ನಾಟಕದಿಂದಲೇ ಹೋದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ದಾರಿ ತೋರಿಸಿದೆ. ಕೊನೆಯುಸಿರಿನ ತನಕ ಜೈಲು, ಮಾಫಿ ಇಲ್ಲ. ಅಂಥ ಶಿಕ್ಷೆ ನನಗೆ ಒಪ್ಪಿಗೆ. ತಪ್ಪು ಗೊತ್ತಾದರೆ ಬಾಗಿಲು ತೆರೆಯಲು ಬರುತ್ತದೆ.

ಇನ್ನು ಸತ್ತವನ ಮನೆಯವರು. ನಾವು ಅವರ ಹೆಸರು ಹೇಳಿ ಗಲ್ಲು ಕೇಳುತ್ತೇವೆ, ಅವರನ್ನು ಮಾತ್ರ ಕೇಳುವುದಿಲ್ಲ. ಅವರಿಗೆ ಪರಿಹಾರ ಕೊಡುವ ಯೋಜನೆಗೆ 2009ರಿಂದ ಕಾನೂನಿನಲ್ಲಿ ಜಾಗವಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದ ಮನೆಗಳು ಎಷ್ಟೋ. ದಯವಿಟ್ಟು ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿ.

ತೀರ್ಪಿನ ದಿನ ನಾನು ಹೊರಗೆ ಬಂದು ಬೇವಿನ ಕಟ್ಟೆಯ ಹತ್ತಿರ ನಿಂತು, "ಯವ್ವಾ, ಗಲ್ಲು ಆಗಲಿಲ್ಲ" ಎಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

"ಅದಿರ್ಲಿ ಬಿಡ್ರೀ ಸಾಹೇಬ್ರ. ನನ್ನ ಮಗನ ಅಂಗಿ ಯಾವಾಗ ಕೊಡ್ತಾರ?"

ರಕ್ತ ಹತ್ತಿದ ಆ ಅಂಗಿ ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷ್ಯವಸ್ತು. ಅರಗಿನ ಮೊಹರು ಹಾಕಿ, ಚೀಟಿ ಅಂಟಿಸಿ, ಕೋರ್ಟಿನ ಕೋಣೆಯಲ್ಲಿ ಇಟ್ಟಿದ್ದರು. ಅಪೀಲು ಮುಗಿಯುವ ತನಕ ಕೊಡಲು ಬರುವುದಿಲ್ಲ. ಆಗ ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರಲಿಲ್ಲ, ಅಪೀಲು ಬೆಂಗಳೂರಿಗೆ ಹೋಗಬೇಕಿತ್ತು. ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನೀಲಿ ಚೌಕಡಿದು ಐತ್ರೀ. ಎರಡನೇ ಗುಂಡಿ ನಾ ಹಚ್ಚಿದ್ದು, ಬಿಳಿ ದಾರ. ಬದಲಿ ಆದೀತು, ನೋಡಿ ಕೊಡ್ರಿ" ಎಂದಳು.