ಏನಂದೆ?

ಕೇಳುಗರಿಗೆ ನಮಸ್ಕಾರ.

ಮೊನ್ನೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸೊಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು. ‘ಹೂಂ... ಸಾರು ಬಿಸಿ ಮಾಡ್ಕೊಳೋ... ಏನಂದೆ?... ಮುಟ್ಟಬೇಡ, ಚಪ್ಪಲಿ ಹಾಕ್ಕೊಂಡು ಗುಡಿಸು... ಅಪ್ಪಂಗೆ ನಾನು ಹೇಳ್ತೀನಿ.’ ಆ ಕಡೆಯ ದನಿ ನನಗೆ ಕೇಳಿಸಲೇ ಇಲ್ಲ. ಆದರೂ ಹಸಿದ ಮಗ, ಒಡೆದ ಗಾಜು, ಅಪ್ಪನ ಭಯ, ಎಲ್ಲಾ ಕಣ್ಣಿಗೆ ಕಟ್ಟಿತು.

ನನ್ನ ತಂಗಿಯ ಮಗಳು ನಟನೆ ಕಲಿಯುತ್ತಿದ್ದಾಳೆ. ಹೋದ ವಾರ ಒಂದು ಸ್ವಗತ ಮಾಡಿ ತೋರಿಸಿದಳು. ಬಾಯಿಪಾಠ ಚೆನ್ನಾಗಿತ್ತು. ಕಣ್ಣು ಮಾತ್ರ ನನ್ನ ತಲೆಯ ಮೇಲಿನ ಕ್ಯಾಲೆಂಡರಿನಲ್ಲಿ. ಯಾರಿಗೆ ಹೇಳ್ತಿದ್ದೀಯಾ ಅಂದೆ. ‘ಸ್ವಗತ ಅಲ್ವಾ, ಯಾರಿಗೂ ಇಲ್ಲ’ ಅಂದಳು. ಎಡವಿದ್ದು ಅಲ್ಲೇ. ತನಗೆ ತಾನೇ ಹೇಳಿಕೊಳ್ಳುವಾಗಲೂ ಒಳಗೆ ಒಬ್ಬರು ಒಪ್ಪದೆ ಕೂತಿರುತ್ತಾರೆ.

ಸಂಸ್ಕೃತದಲ್ಲಿ ‘ಭಾಣ’ ಎಂಬ ಬಗೆಯ ನಾಟಕವಿದೆ. ಒಂದೇ ಅಂಕ, ಒಬ್ಬನೇ ನಟ. ಬೀದಿಯಲ್ಲಿ ಅಡ್ಡಾಡುತ್ತಾ ಕಾಣದವರ ಜೊತೆ ಹರಟುತ್ತಾನೆ. ನಿಲ್ಲುತ್ತಾನೆ, ಕೇಳಿಸಿಕೊಳ್ಳುತ್ತಾನೆ, ‘ಕಿಂ ಬ್ರವೀಷಿ?’ ಅನ್ನುತ್ತಾನೆ. ಅಂದರೆ, ಏನಂದೆ? ಆಮೇಲೆ ಅವರ ಮಾತನ್ನು ತಾನೇ ಆಡಿ ಉತ್ತರ ಕೊಡುತ್ತಾನೆ. ಇದಕ್ಕೆ ಆಕಾಶಭಾಷಿತ ಅಂತ ಹೆಸರು. ಹೆಸರು ದೊಡ್ಡದು, ಕೆಲಸ ಬಸ್ಸಿನ ಹೆಂಗಸಿನದೇ. ನೋಡುವವರು ನಂಬುವುದು ಅವನ ಮಾತಿನಿಂದಲ್ಲ, ಅವನು ಕೇಳಿಸಿಕೊಳ್ಳುವ ರೀತಿಯಿಂದ.

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ನಾಟಕದಲ್ಲಿ ಬರುವ ಲೇಖಕಿ ಮಂಜುಳಾ ನಾಯಕ್ ಮೊದಲು ಟಿವಿ ನೋಡುಗರಿಗೆ ಮಾತಾಡುತ್ತಾಳೆ. ಇಸ್ತ್ರಿ ಮಾಡಿಟ್ಟಂಥ ಮಾತು. ಮುಗಿಸಿ ಹೊರಟರೆ ಪರದೆ ಮೇಲಿನ ಅವಳದೇ ಬಿಂಬ ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುತ್ತದೆ. ಹೆಂಗಸು ಅವಳೇ, ಕೇಳುವವರು ಬೇರೆ. ಇಸ್ತ್ರಿಯೆಲ್ಲ ಮುದುರುತ್ತದೆ. ಅರುಂಧತಿ ನಾಗ್ ಆಡಿದ ಪ್ರಯೋಗದಲ್ಲಿ ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದು. ನಟಿ ಒಂದು ಗಳಿಗೆ ಜಾಸ್ತಿ ಎಳೆದರೂ ಬಿಂಬ ಕಾಯುವುದಿಲ್ಲ. ಸುಮ್ನೆ ನಿಲ್ಲುವುದಕ್ಕೂ ಎಷ್ಟು ಲೆಕ್ಕ ನೋಡಿ!

ಅದಕ್ಕೇ ತಂಗಿಯ ಮಗಳಿಗೆ ಪೆನ್ಸಿಲ್ ಕೊಟ್ಟೆ. ಎದುರಿನವರ ಮುಖ ಎಲ್ಲಿ ಬದಲಾಗುತ್ತದೋ ಅಲ್ಲಿ ಗೆರೆ ಹಾಕು ಅಂದೆ. ಎರಡು ಪುಟಕ್ಕೆ ಏಳು ಗೆರೆ ಬಿದ್ದವು. ಮತ್ತೆ ಮಾಡಿದಾಗ ಎರಡು ಸಲ ತಪ್ಪಿದಳು, ಆದರೆ ಕ್ಯಾಲೆಂಡರ್ ನೋಡಲಿಲ್ಲ.

ಈಗ ಈ ಕೋಣೆಯಲ್ಲಿ ನನ್ನ ಎದುರು ಮೈಕ್ ಬಿಟ್ಟರೆ ಯಾರೂ ಇಲ್ಲ. ಇಷ್ಟು ಹೊತ್ತು ಹೇಳಿದ್ದು ಅವಳಿಗೇ. ಅವಳ ಕೈ ಮೊಬೈಲಿನ ಕಡೆ ಹೋಗುತ್ತಿರುವುದು ನನಗೆ ಕಾಣಿಸುತ್ತಿದೆ. ನಿಲ್ಲಿಸುತ್ತೇನೆ. ನಮಸ್ಕಾರ.